ಗಾಹೆಯಲ್ಲಿ ಹಸಿವು, ಬಂಡೆಯಲ್ಲಿ ಪಯಣ: ಭದ್ರಬಾಹು ಕಥೆಯ ಪದರಗಳು

ಬರಗಾಲವನ್ನು ಮುನ್ನರಿತ ಗುರು, ರಾಜ್ಯ ತೊರೆದು ದೀಕ್ಷೆ ಪಡೆದ ಅರಸ, ಉಜ್ಜಯಿನಿಯಿಂದ ತೆಂಕಣಕ್ಕೆ ಹೊರಟ ಮುನಿಸಮೂಹ, ಬೆಟ್ಟವೊಂದರ ಮೇಲೆ ಸಮಾಧಿಮರಣ. ಬೃಹತ್ ಐತಿಹಾಸಿಕ ಕಾದಂಬರಿಯೊಂದಕ್ಕೆ ಬೇಕಾದುದೆಲ್ಲವೂ ಭದ್ರಬಾಹು ಭಟಾರರ ಕಥೆಯಲ್ಲಿದೆ. ಇದನ್ನು ನಡೆದ ಸಂಗತಿಯೆಂದೇ ಒಪ್ಪಿಸುವವರು ಹಲವರು. ಬರಿಯ ಪುರಾಣವೆಂದು ತಳ್ಳಿಹಾಕುವವರೂ ಇದ್ದಾರೆ. ಇಬ್ಬರೂ ಕಥೆಯನ್ನು ಇಡಿಯಾಗಿ ಎತ್ತಿಕೊಳ್ಳುತ್ತಾರೆ. ಅದರ ಭಾಗಗಳು ಯಾವ ಕ್ರಮದಲ್ಲಿ ಬಂದು ಸೇರಿದುವೆಂಬುದನ್ನು ಪಠ್ಯಗಳಿಂದಲೇ ತಿಳಿಯಲು ಯತ್ನಿಸುವುದು ಈ ಲೇಖನದ ಉದ್ದೇಶ.

ಕಥೆಯ ಬೀಜವಿರುವುದು ಶಿವಾರ್ಯನ ಪ್ರಾಕೃತ 'ಭಗವತೀ ಆರಾಧನೆ'ಯಲ್ಲಿ. ವಡ್ಡಾರಾಧನೆಯ 19 ಕಥೆಗಳೂ ಆ ಗ್ರಂಥದ ಗಾಹೆಗಳನ್ನು ಆಧರಿಸಿ ಬೆಳೆದಂಥವು. ಭದ್ರಬಾಹುಗಳನ್ನು ಕುರಿತ ಗಾಹೆ ಹೇಳುವುದು ಇಷ್ಟೇ: ಘೋರವಾದ ಅವಮೋದರ್ಯದಲ್ಲಿ, ಎಂದರೆ ಆಹಾರದ ಕೊರತೆಯಲ್ಲಿ, ಅವರು ಮನಸ್ಸು ಕದಡದೆ ಉತ್ತಮ ಸ್ಥಾನವನ್ನು ಪಡೆದರು. ಅಲ್ಲಿ ಉಜ್ಜಯಿನಿಯಿಲ್ಲ, ಅರಸನಿಲ್ಲ, ಬೆಟ್ಟವಿಲ್ಲ. ಇರುವುದು ಹಸಿವೊಂದೇ.

ಪಯಣದ ಸುದ್ದಿ ದೊರೆಯುವುದು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ. ಪಾರ್ಶ್ವನಾಥ ಬಸದಿಯ ಬಳಿ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 600ರದೆಂದು ಎಣಿಸಲಾದ ಈ ಶಾಸನದ ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಗೌತಮ ಗಣಧರರಿಂದ ಮೊದಲಾದ ಗುರುಪರಂಪರೆಯನ್ನು ಹೇಳಿ, ಆ ಪರಂಪರೆಯಲ್ಲಿ ಬಂದ ಭದ್ರಬಾಹುಸ್ವಾಮಿಯು ಉಜ್ಜಯಿನಿಯಲ್ಲಿ ನಿಮಿತ್ತಜ್ಞಾನದಿಂದ ಹನ್ನೆರಡು ವರ್ಷಗಳ ಕೇಡನ್ನು ಮುನ್ನುಡಿದುದನ್ನೂ ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಬಂದುದನ್ನೂ ಅದು ತಿಳಿಸುತ್ತದೆ. ಬಳಿಕ ಆಚಾರ್ಯರೊಬ್ಬರು ತಮ್ಮ ಆಯುಷ್ಯ ಉಳಿದಿರುವುದು ಸ್ವಲ್ಪವೆಂದರಿತು, ಸಂಘವನ್ನು ಬೀಳ್ಕೊಟ್ಟು, ಒಬ್ಬನೇ ಶಿಷ್ಯನೊಡನೆ ಕಟವಪ್ರ ಗಿರಿಯಲ್ಲಿ ದೇಹತ್ಯಾಗ ಮಾಡುತ್ತಾರೆ.

ಆ ಆಚಾರ್ಯರು ಯಾರು? ಇಲ್ಲಿ ಬರುವ ಪ್ರಭಾಚಂದ್ರ ಎಂಬ ಹೆಸರನ್ನು ಪ್ರಥಮಾ ವಿಭಕ್ತಿಯೆಂದು ಓದಿದರೆ ಬೆಟ್ಟದ ಮೇಲೆ ಮಡಿದವರು ಪ್ರಭಾಚಂದ್ರರು. ಭದ್ರಬಾಹುಗಳು ಕರ್ನಾಟಕಕ್ಕೆ ಬಂದರೆನ್ನುವುದಕ್ಕೆ ಈ ಶಾಸನ ಆಧಾರವಾಗುವುದಿಲ್ಲ. ತೃತೀಯೆಯೆಂದು ಓದಿದರೆ ಪ್ರಭಾಚಂದ್ರರು ಜೊತೆಯ ಶಿಷ್ಯ, ಮಡಿದವರು ಭದ್ರಬಾಹುಗಳು. ಒಂದು ಸ್ವರಚಿಹ್ನೆಯ ಮೇಲೆ ನಿಂತ ಚರ್ಚೆಯಿದು. ಬಿ. ಎಲ್. ರೈಸ್ ಅವರು ಪ್ರಭಾಚಂದ್ರನೇ ಮೌರ್ಯ ಚಂದ್ರಗುಪ್ತನೆಂದು ಗುರುತಿಸಿದರು, ಜೆ. ಎಫ್. ಫ್ಲೀಟ್ ಇದನ್ನು ಒಪ್ಪದೆ, ಶಾಸನದ ಭದ್ರಬಾಹು ಶ್ರುತಕೇವಲಿಯಲ್ಲ, ಅನಂತರದವನೆಂದರು. ನನಗೆ ಫ್ಲೀಟರ ಎಚ್ಚರಿಕೆಯೇ ಸರಿಯೆನಿಸುತ್ತದೆ, ಏಕೆಂದರೆ ಚಂದ್ರಗುಪ್ತನ ಹೆಸರು ಈ ಶಾಸನದಲ್ಲಿ ಎಲ್ಲಿಯೂ ಇಲ್ಲ. ಆದರೆ ಅದೇ ಬೆಟ್ಟದ, ಸುಮಾರು 7ನೆಯ ಶತಮಾನದ ಇನ್ನೊಂದು ಕನ್ನಡ ಶಾಸನವು ಭದ್ರಬಾಹು–ಚಂದ್ರಗುಪ್ತರನ್ನು ಮುನಿಯುಗ್ಮವೆಂದು ಸ್ಮರಿಸುತ್ತದೆ. ಸುಮಾರು 900ರ ಶ್ರೀರಂಗಪಟ್ಟಣ ಪ್ರದೇಶದ ಶಾಸನಗಳು ಕಳ್ಬಪ್ಪಿನ ಶಿಖರದ ಮೇಲೆ ಅವರಿಬ್ಬರ ಪಾದಚಿಹ್ನೆಗಳಿವೆಯೆನ್ನುತ್ತವೆ. ಅರಸನು ಮುನಿಯಾಗಿ ಗುರುವಿನ ಪಕ್ಕಕ್ಕೆ ಬಂದು ನಿಂತದ್ದು ಈ ನೆಲದ ನೆನಪಿನಲ್ಲಿ.

ಹರಿಷೇಣನ ಸಂಸ್ಕೃತ 'ಬೃಹತ್ಕಥಾಕೋಶ'ವನ್ನು (931) ವಡ್ಡಾರಾಧನೆಯ ಪಕ್ಕದಲ್ಲಿಟ್ಟು ಓದಿದಾಗ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಎರಡೂ ಆರಾಧನಾ ಸಂಪ್ರದಾಯದ ಕೃತಿಗಳು, ಕಾಲದಿಂದಲೂ ಹೆಚ್ಚು ದೂರದವಲ್ಲ. ಹರಿಷೇಣನಲ್ಲಿ ದೀಕ್ಷೆ ಪಡೆದ ಚಂದ್ರಗುಪ್ತನೇ ವಿಶಾಖಾಚಾರ್ಯನಾಗಿ ಸಂಘವನ್ನು ಪುನ್ನಾಟ ನಾಡಿಗೆ ಕರೆತರುತ್ತಾನೆ. ಭದ್ರಬಾಹುಗಳು ಅವಂತಿಯಲ್ಲೇ ಉಳಿದು ಅಲ್ಲಿಯೇ ಸಮಾಧಿ ಹೊಂದುತ್ತಾರೆ. ವಡ್ಡಾರಾಧನೆಯಲ್ಲಿ ಭಟಾರರು ತಾವೇ ತೆಂಕಣಕ್ಕೆ ನಡೆದು ಕಳ್ಬಪ್ಪಿನಲ್ಲಿ ಮುಡಿಪುತ್ತಾರೆ. ಹರಿಷೇಣನು ಪುನ್ನಾಟ ಸಂಘದವನು, ಬರೆದದ್ದು ಕಳ್ಬಪ್ಪಿನಿಂದ ಬಹುದೂರದ ವರ್ಧಮಾನಪುರದಲ್ಲಿ. ಅವನಿಗೆ ಬೇಕಾದುದು ಸಂಘ ಪುನ್ನಾಟಕ್ಕೆ ಬಂದ ವೃತ್ತಾಂತ. ಗುರುವಿನ ದೇಹ ಅಲ್ಲಿಗೆ ಬರಬೇಕಾಗಿರಲಿಲ್ಲ. ನಿಸಿದಿಗಳ ಬೆಟ್ಟವನ್ನು ತನ್ನ ನಾಡಿನಲ್ಲೇ ಉಳ್ಳ ಕನ್ನಡ ಕಥೆಗಾರನಿಗೆ ಗುರುವೇ ಬರಬೇಕಿತ್ತು.

ಹಾಗೆಂದು ಆ ಕಥೆಗಾರ ಗಾಹೆಯನ್ನು ಮರೆತವನಲ್ಲ. ಗುರುವಿನ ಬಳಿಯೇ ಉಳಿದ ಚಂದ್ರಗುಪ್ತಮುನಿಗೆ ಕಾಡಿನಲ್ಲಿ ದೇವತೆಗಳು ಊರನ್ನು ನಿರ್ಮಿಸಿ ಭಿಕ್ಷೆ ನೀಡುತ್ತಾರೆ. ಬರ ಕಳೆದು ಹಿಂದಿರುಗಿದ ಸಂಘದವರೂ ಅಲ್ಲಿ ಉಣ್ಣುತ್ತಾರೆ. ಅವರಲ್ಲೊಬ್ಬ ಮರೆತ ಕುಂಡಿಗೆಗಾಗಿ ಮರಳಿ ಹೋದರೆ ಊರೇ ಇಲ್ಲ. ಕುಂಡಿಗೆ ಮರದ ಕೊಂಬೆಯಲ್ಲಿ ತೂಗುತ್ತಿದೆ. ಅನ್ನದ ಕೊರತೆಯಿಂದ ಹೊರಟ ಕಥೆ ಅನ್ನದ ಸಂದೇಹಕ್ಕೇ ಬಂದು ಮುಟ್ಟುತ್ತದೆ. ಡಿ. ಎಲ್. ನರಸಿಂಹಾಚಾರ್ಯರ 1949ರ ಸಂಪಾದನೆಯಲ್ಲಿ ಈ ಕಥೆಯನ್ನು ಓದುವಾಗಲೆಲ್ಲ ಆ ಕುಂಡಿಗೆಯ ಬಳಿ ನಾನು ತಡೆದು ನಿಲ್ಲುತ್ತೇನೆ.

ಪಯಣದ ದಿಕ್ಕಿನ ಬಗೆಗೂ ಒಮ್ಮತವಿಲ್ಲ. ಶ್ವೇತಾಂಬರ ಪರಂಪರೆಯಲ್ಲಿ, ಹೇಮಚಂದ್ರನ 'ಪರಿಶಿಷ್ಟಪರ್ವ'ದಲ್ಲಿ ಕಾಣುವಂತೆ, ಭದ್ರಬಾಹುಗಳು ಇರುವುದು ನೇಪಾಳದಲ್ಲಿ. ಪೂರ್ವಗಳನ್ನು ಕಲಿಯಲು ಸ್ಥೂಲಭದ್ರನು ಅವರಲ್ಲಿಗೆ ಹೋಗುತ್ತಾನೆ. ನಾನು ವಾಸವಾಗಿರುವ ಇಟಾಸ್ಕಾದಿಂದ ರೈಲಿನಲ್ಲಿ ಕೆಲವೇ ನಿಲ್ದಾಣ ದಾಟಿದರೆ ಸಿಗುವ ಬಾರ್ಟ್‌ಲೆಟ್‌ನ ಜೈನಮಂದಿರದಲ್ಲಿ ಎರಡೂ ಸಂಪ್ರದಾಯದ ಮೂರ್ತಿಗಳು ಒಂದೇ ಸೂರಿನಡಿ ಇವೆ. ಕಥೆಯಲ್ಲಿ ಮಾತ್ರ ಗುರು ಒಬ್ಬರಿಗೆ ಬಡಗಣಕ್ಕೂ ಇನ್ನೊಬ್ಬರಿಗೆ ತೆಂಕಣಕ್ಕೂ ನಡೆದಿದ್ದಾರೆ.

ಕಾಲದ ತೊಡಕೂ ಇದೆ. ದಿಗಂಬರ ಪರಂಪರೆಯಂತೆ ಭದ್ರಬಾಹುಗಳ ಅಂತ್ಯ ವೀರನಿರ್ವಾಣದ 162ನೆಯ ವರ್ಷ. ನಿರ್ವಾಣವನ್ನು ಕ್ರಿ.ಪೂ. 527 ಎಂದು ಹಿಡಿದರೆ ಅದು ಕ್ರಿ.ಪೂ. 365 ಆಗುತ್ತದೆ, ಮೌರ್ಯ ಚಂದ್ರಗುಪ್ತನು ಪಟ್ಟವೇರಿದ್ದು ಸುಮಾರು 321ರಲ್ಲಿ. ವಡ್ಡಾರಾಧನೆ ಅರಸನನ್ನು 'ಸಂಪ್ರತಿ ಚಂದ್ರಗುಪ್ತ'ನೆಂದು ಕರೆಯುವುದನ್ನೂ ಇಲ್ಲಿ ನೆನೆಯಬೇಕು: ಅಶೋಕನ ಮೊಮ್ಮಗನ ಹೆಸರು ಅಜ್ಜನ ತಂದೆಯ ತಂದೆಯ ಹೆಸರಿನೊಡನೆ ಬೆಸೆದುಕೊಂಡಿದೆ.

ಮುಂದೆಯೂ ಕಥೆ ನಿಲ್ಲಲಿಲ್ಲ. 17ನೆಯ ಶತಮಾನದ ಚಿದಾನಂದಕವಿಯ 'ಮುನಿವಂಶಾಭ್ಯುದಯ'ದಲ್ಲಿ ಚಿಕ್ಕಬೆಟ್ಟದ ಭದ್ರಬಾಹುಗಳನ್ನು ಹುಲಿಯೊಂದು ಕೊಲ್ಲುತ್ತದೆ. ಗಾಹೆಯ ಅವಮೋದರ್ಯಕ್ಕೆ ಅಲ್ಲಿ ಕೆಲಸವೇ ಉಳಿದಿಲ್ಲ. ಇವೆರಡರ ನಡುವೆ ನಿಲ್ಲುವುದು ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳು. ದಾಸೋಜನೆಂಬ ರೂವಾರಿ 12ನೆಯ ಶತಮಾನದಲ್ಲಿ ಅವುಗಳ ಮೇಲೆ ಗುರುಶಿಷ್ಯರ ಬಾಳಿನ 90 ದೃಶ್ಯಗಳನ್ನು ಕಡೆದಿದ್ದಾನೆ. ಅವನ್ನು ವಡ್ಡಾರಾಧನೆಯ ಘಟನಾಕ್ರಮದೊಡನೆ ಒಂದೊಂದಾಗಿ ಹೋಲಿಸಿದರೆ, ಹೊಯ್ಸಳರ ಕಾಲದ ಬೆಳಗೊಳದವರು ಯಾವ ಕಥೆಯನ್ನು ತಮ್ಮದೆಂದು ಬಗೆದಿದ್ದರೆಂಬುದು ತಿಳಿದೀತು.