ವೃತ್ತಿ ಬದಲಿಸಿ ಐಟಿಗೆ ಹೋಗುವ ಲಿಂಗತ್ವ ಅಲ್ಪಸಂಖ್ಯಾತರು: ಕಚೇರಿ, ಕಾಗದಪತ್ರ, ಊರು

ಉಮರ್ಗಾ, ನಿಲಂಗಾ, ಉದಗೀರದಿಂದ ಪುಣೆಗೋ ಹೈದರಾಬಾದಿಗೋ ಐಟಿ ಕೆಲಸಕ್ಕೆ ಹೊರಡುವವರೆಲ್ಲ ಆಗತಾನೇ ಕಾಲೇಜು ಮುಗಿಸಿದವರಲ್ಲ. ಶಾಲೆಯಲ್ಲಿ ಪಾಠ ಹೇಳಿದವರು, ಔಷಧಿ ಅಂಗಡಿಯಲ್ಲಿ ಕುಳಿತವರು ಮೂವತ್ತು ದಾಟಿದ ಮೇಲೆ ಟೆಸ್ಟಿಂಗ್ ಕೋರ್ಸ್ ಕಲಿತು ಹೋಗುವುದುಂಟು. ಅವರಲ್ಲಿ ಸಲಿಂಗಿಗಳೂ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳೂ ಇರುತ್ತಾರೆ. ಹೊಸ ಕಚೇರಿಯಲ್ಲಿ ತಮ್ಮನ್ನು ಮುಚ್ಚಿಡದೆ ಇರಬೇಕೆನ್ನುವ ಸದಸ್ಯರಿಗೂ ಅವರ ಮನೆಯವರಿಗೂ ಈ ಮಾಹಿತಿ.

ಕನ್ನಡದಲ್ಲಿ ಮೊದಲು ನೆನಪಾಗುವ ಹೆಸರು ವಸುಧೇಂದ್ರ ಅವರದು. ಅವರು ನಡೆದದ್ದು ಎದುರು ದಿಕ್ಕಿಗೆ. ಬಳ್ಳಾರಿ ಸೀಮೆಯ ಸಂಡೂರಿನಲ್ಲಿ 1969ರಲ್ಲಿ ಹುಟ್ಟಿ, ಸುಮಾರು 20 ವರ್ಷ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ದುಡಿದು, ಬರವಣಿಗೆಯನ್ನೇ ವೃತ್ತಿ ಮಾಡಿಕೊಂಡರು. ಅವರ ‘ಮೋಹನಸ್ವಾಮಿ’ ಬಂದದ್ದು 2013ರಲ್ಲಿ. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಅನ್ನು ಎತ್ತಿಹಿಡಿದಿತ್ತು. ಅಂಥ ಕಾಲದಲ್ಲಿ ತಾನು ಸಲಿಂಗಿ ಎಂದು ಕನ್ನಡದಲ್ಲಿ ಹೇಳಿಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ.

ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಅಪರಾಧವಲ್ಲ ಎನ್ನುವುದು ಬೇರೆ, ನೌಕರಿಗೆ ರಕ್ಷಣೆ ಇದೆ ಎನ್ನುವುದು ಬೇರೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆ ನೇಮಕಾತಿ, ಬಡ್ತಿಗಳಲ್ಲಿ ತಾರತಮ್ಯ ಮಾಡಬಾರದೆನ್ನುತ್ತದೆ. ಪ್ರತಿ ಸಂಸ್ಥೆಯೂ ದೂರು ಅಧಿಕಾರಿಯನ್ನು ನೇಮಿಸಬೇಕು. ಸಲಿಂಗಿಗಳಿಗೆ ಖಾಸಗಿ ನೌಕರಿಯಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ, ಕಂಪನಿಯ ನೀತಿಯೇ ಆಸರೆ. ಆದ್ದರಿಂದ ಆಫರ್ ಪತ್ರಕ್ಕೆ ಸಹಿ ಹಾಕುವ ಮುಂಚೆ ಆ ನೀತಿಯ ಪ್ರತಿ ಕೇಳಿ ಓದಿ. ಜೂನ್ ತಿಂಗಳಲ್ಲಿ ಕಾಮನಬಿಲ್ಲಿನ ಬಣ್ಣ ಹಚ್ಚಿಕೊಳ್ಳುವ ಕಂಪನಿಗಳು ಬಹಳ. ನೀತಿಯಲ್ಲಿ ‘ಲೈಂಗಿಕ ಒಲವು’ ಎಂಬ ಮಾತು ಬರೆದಿದೆಯೇ ಎಂದು ನೋಡುವುದು ಮುಖ್ಯ.

ವೃತ್ತಿ ಬದಲಿಸಿದವರಿಗೆ ನಿಜವಾದ ತೊಡಕು ಹಳೆಯ ಕಾಗದಗಳದು. ಎಸ್‌ಎಸ್‌ಸಿ ಅಂಕಪಟ್ಟಿ, ಹಿಂದಿನ ಶಾಲೆಯ ಅನುಭವ ಪತ್ರ, ಹಳೆಯ ಪಿಎಫ್ ಖಾತೆ, ಇವೆಲ್ಲ ಹಳೆಯ ಹೆಸರಿನಲ್ಲೇ ಇರುತ್ತವೆ. ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ: ಉಮರ್ಗಾದವರಿಗೆ ಧಾರಾಶಿವ, ನಿಲಂಗಾ ಮತ್ತು ಉದಗೀರದವರಿಗೆ ಲಾತೂರ್. 2020ರ ನಿಯಮಗಳು ಅರ್ಜಿದಾರರು ಅಲ್ಲಿ 12 ತಿಂಗಳು ಸತತ ವಾಸವಿರಬೇಕೆಂದು ಕೇಳುತ್ತವೆ. ಹಾಗಾಗಿ ಪುಣೆಗೆ ಮನೆ ಬದಲಿಸುವ ಮೊದಲೇ ಅರ್ಜಿ ಹಾಕುವುದು ಲೇಸು. ಅರ್ಜಿ ಹಾಕುವಾಗ ಆ ಹೊತ್ತಿನ ನಿಯಮವನ್ನು ಮತ್ತೊಮ್ಮೆ ನೋಡಿಕೊಳ್ಳಿ. ಪ್ರಮಾಣಪತ್ರ ಬಂದ ಮೇಲೆ ಮೊದಲು ಆಧಾರ್ ಸರಿಮಾಡಿಸಿ, ಯಾಕೆಂದರೆ ಪ್ಯಾನ್ ಮತ್ತು ಪಿಎಫ್ ಎರಡೂ ಅದಕ್ಕೆ ಹೊಂದಿಕೆಯಾಗಬೇಕು.

ಇನ್ನೊಂದು ಎಚ್ಚರಿಕೆ. ಸೇರುವ ಮುನ್ನ ಕಂಪನಿಯ ಪರವಾಗಿ ಹಿನ್ನೆಲೆ ತಪಾಸಣೆ ಮಾಡುವವರು ಹಳೆಯ ಶಾಲೆಗೋ ಅಂಗಡಿಗೋ ಫೋನ್ ಮಾಡುತ್ತಾರೆ. ಅಲ್ಲಿ ಹೊಸ ಹೆಸರು ಹೇಳಿಬಿಟ್ಟರೆ ಊರಿಗೆಲ್ಲ ಸುದ್ದಿ. ಆ ಕರೆಯಲ್ಲಿ ಹಳೆಯ ಹೆಸರನ್ನೇ ಬಳಸಬೇಕೆಂದು ಎಚ್‌ಆರ್‌ಗೆ ಮೊದಲೇ ಬರೆದು ತಿಳಿಸಿ.

ಜೊತೆಗಾರರ ವಿಷಯವೂ ಇದೆ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ಮದುವೆಗೆ ಮಾನ್ಯತೆ ಸಿಗಲಿಲ್ಲ. ಆದರೆ 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ, ಜಂಟಿ ಬ್ಯಾಂಕ್ ಖಾತೆಗೂ ಜೊತೆಗಾರರನ್ನು ನಾಮಿನಿ ಮಾಡುವುದಕ್ಕೂ ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿತು. ಪಿಎಫ್ ಹಾಗಲ್ಲ: ಅವಲಂಬಿತ ತಂದೆತಾಯಿ ಇದ್ದರೆ ಅವರೇ ಕುಟುಂಬ, ಹೊರಗಿನವರ ನಾಮಿನೇಶನ್ ನಿಲ್ಲುವುದಿಲ್ಲ. ಆರೋಗ್ಯ ವಿಮೆಯಲ್ಲಿ ‘ಪಾರ್ಟ್ನರ್’ ಸೇರಿಸಬಹುದೇ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ.

ಕೊನೆಗೆ ನಮ್ಮ ಭಾಗದ್ದೇ ಒಂದು ಮಾತು. ಯಲ್ಲಮ್ಮನ ಜೋಗಪ್ಪಗಳಿಗೆ ಕೈಮುಗಿಯುವ ಮನೆಗಳಲ್ಲೇ, ಸ್ವಂತ ಮಗ ಹಾಗೆ ಎಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಪುಣೆಯ ಕಚೇರಿಯಲ್ಲಿ ಪಕ್ಕದ ಕುರ್ಚಿಯವರು ನಮ್ಮೂರಿನವರೇ ಆಗಿರಬಹುದು, ದೀಪಾವಳಿಗೆ ಅದೇ ಬಸ್ಸು ಹತ್ತಬಹುದು. ಉದ್ಯೋಗಿಯ ಲಿಂಗತ್ವದ ಗುರುತನ್ನು ಗೌಪ್ಯವಾಗಿಡುವ ಏರ್ಪಾಡು ಸಂಸ್ಥೆಯ ನೀತಿಯಲ್ಲಿರಬೇಕೆಂದು 2020ರ ನಿಯಮಗಳೇ ಹೇಳುತ್ತವೆ, ಆದರೆ ಬಸ್ಸಿನಲ್ಲಿ ಆಡುವ ಮಾತಿಗೆ ಯಾವ ನಿಯಮವೂ ತಾಗುವುದಿಲ್ಲ. ಕಚೇರಿಯಲ್ಲಿ ಎಲ್ಲರೆದುರು ಹೇಳುವ ಮೊದಲು ಮನೆಯಲ್ಲಿ ಅಕ್ಕನಿಗೋ ಸೋದರಮಾವನಿಗೋ, ಯಾರಾದರೊಬ್ಬರಿಗೆ ನೀವೇ ಹೇಳಿರಿ.