ಸಿಗಾರಿನ ರುಚಿ, ಬೀಡಿಯ ಜಗಲಿ

ಗಡಿನಾಡ ಕನ್ನಡಿಗರ ಬಗ್ಗೆ ಮಾತಾಡುವ ಜಾಗದಲ್ಲಿ ಕ್ಯೂಬಾದ ಸಿಗಾರಿಗೆ ಏನು ಕೆಲಸ ಅಂತ ಕೆಲವರಿಗೆ ಅನ್ನಿಸಬಹುದು. ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರದವಳು. ನಮ್ಮ ಮನೆಯ ಜಗಲಿಯಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದರು. ಸಿಗಾರಿನ ಚರಿತ್ರೆ ಓದಲು ನಾನು ಹೊರಟದ್ದು ಆ ಜಗಲಿಯಿಂದಲೇ.

ಮೊದಲು ಸಿಗಾರಿನ ಹವ್ಯಾಸದವರು ಏನು ಮಾಡ್ತಾರೆ ನೋಡುವ. ಕೊಳ್ಳುವಾಗ ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತುತ್ತಾರೆ. ಎಲ್ಲಿಯೂ ಗಂಟು ಸಿಗಬಾರದು, ಎಲ್ಲಿಯೂ ಟೊಳ್ಳಿರಬಾರದು. ಹೊರಗಿನ ಎಲೆಯ ನರ ಸಪುರ ಉಂಟಾ, ಬಣ್ಣ ಒಂದೇ ಸಮ ಉಂಟಾ ಅಂತ ತಿರುಗಿಸಿ ನೋಡುತ್ತಾರೆ. ಮನೆಗೆ ತಂದು ಸೀಡರ್ ಮರದ ಹ್ಯೂಮಿಡಾರ್ ಪೆಟ್ಟಿಗೆಯಲ್ಲಿ ಶೇ. 65ರಿಂದ 70ರಷ್ಟು ತೇವಾಂಶ ಕಾಪಾಡಿ ಇಡುತ್ತಾರೆ. ಸೇದುವಾಗ ಹೊಗೆಯನ್ನು ಎದೆಗೆ ಎಳೆಯುವ ಕ್ರಮ ಇಲ್ಲ. ಬಾಯಿಯಲ್ಲಿ ನಿಲ್ಲಿಸಿ ಬಿಡುವುದು. ಒಂದು ಸಿಗಾರನ್ನು ಮೂರು ಪಾಲಾಗಿ ಎಣಿಸಿ, ಮೊದಲ ಪಾಲಿನಲ್ಲಿ ಮರದ ವಾಸನೆ, ನಡುವೆ ಕೋಕೋ, ಕೊನೆಗೆ ಕರಿಮೆಣಸಿನ ಖಾರ ಅಂತ ಪುಸ್ತಕದಲ್ಲಿ ಬರೆದಿಡುವವರೂ ಇದ್ದಾರೆ. ಹೊಗೆಸೊಪ್ಪಿನ ದೂಳಿಗೆ ಕೆಮ್ಮುವವರ ನಡುವೆ ಬೆಳೆದ ನನಗೆ ಇದನ್ನು ಮೊದಲು ಓದಿದಾಗ ನಗು ಬಂತು. ಆಮೇಲೆ ನಗು ನಿಂತಿತು.

ಯಾಕಂದರೆ ಆ ಮೂರು ಪಾಲಿನ ರುಚಿ ಗಿಡದಿಂದ ಮಾತ್ರ ಬರುವುದಲ್ಲ. ಕ್ಯೂಬಾದ ಪಶ್ಚಿಮಕ್ಕೆ, ಪಿನಾರ್ ದೆಲ್ ರಿಯೋ ಸೀಮೆಯಲ್ಲಿ, ವುವೆಲ್ತಾ ಅಬಾಹೊ ಎಂಬ ಪ್ರದೇಶ ಒಳ್ಳೆಯ ಎಲೆಗೆ ಹೆಸರಾದದ್ದು ಹೌದು. ಆದರೆ ಗಿಡದ ತುದಿಯ ಎಲೆ ಖಾರ, ನಿಧಾನಕ್ಕೆ ಉರಿಯುತ್ತದೆ. ನಡುವಿನ ಎಲೆ ಪರಿಮಳಕ್ಕೆ. ಬುಡದ ಎಲೆ ಚೆನ್ನಾಗಿ ಉರಿಯಲಿಕ್ಕೆ. ಇವನ್ನು ಅಂಗೈಯಲ್ಲಿ ಜೋಡಿಸಿ, ಖಾರದ ಎಲೆಯನ್ನು ಮಧ್ಯಕ್ಕೆ ಇಟ್ಟು, ಗಾಳಿ ಆಡುವಷ್ಟೇ ಬಿಗಿಯಾಗಿ ಸುತ್ತುವುದು ತೋರ್ಸೆದೋರ್ ಎಂಬ ಕೆಲಸಗಾರ. ಕೈ ಸ್ವಲ್ಪ ಬಿಗಿಯಾದರೆ ಹೊಗೆಯೇ ಬರುವುದಿಲ್ಲ. ಪೂರ್ತಿ ಕೈಯಿಂದಲೇ ಮಾಡಿದ್ದು ಎಂಬ ಅರ್ಥದ ಮುದ್ರೆ 1989ರಿಂದ ಕ್ಯೂಬಾದ ಪೆಟ್ಟಿಗೆಗಳ ಅಡಿಯಲ್ಲಿ ಬೀಳತೊಡಗಿತು. ಅಂದರೆ ಕೊಳ್ಳುವವನು ಆ ಕೈಗೂ ಸೇರಿಸಿ ಬೆಲೆ ಕೊಡುತ್ತಾನೆ.

ನನಗೆ ಮುಖ್ಯವಾದದ್ದು ಆ ಕೈ ಕೆಲಸ ಮಾಡುವಾಗ ಕಿವಿಗೆ ಏನು ಬೀಳುತ್ತಿತ್ತು ಎನ್ನುವುದು. 1865ರಲ್ಲಿ ಹವಾನಾದ ಎಲ್ ಫಿಗಾರೊ ಎಂಬ ಸಿಗಾರ್ ಕಾರ್ಖಾನೆಯಲ್ಲಿ ಒಬ್ಬ ಎತ್ತರದ ಜಾಗದಲ್ಲಿ ಕೂತು ಉಳಿದವರಿಗೆ ಗಟ್ಟಿಯಾಗಿ ಓದತೊಡಗಿದ. ಪತ್ರಿಕೆ, ಆಮೇಲೆ ಕಾದಂಬರಿ. ಓದುವವನ ಸಂಬಳ ಮಾಲೀಕನದ್ದಲ್ಲ, ಕೆಲಸಗಾರರು ತಮ್ಮ ಕಿಸೆಯಿಂದ ಒಟ್ಟು ಮಾಡಿದ್ದು. ಮರುವರ್ಷವೇ ಸರಕಾರ ಇದನ್ನು ನಿಷೇಧಿಸಿತು. ಆದರೂ ಪದ್ಧತಿ ಸಾಯಲಿಲ್ಲ, ಫ್ಲೋರಿಡಾದ ಟ್ಯಾಂಪಾಕ್ಕೂ ಹೋಯಿತು. ಟ್ಯಾಂಪಾದಲ್ಲಿ 1931ರಲ್ಲಿ ಮಾಲೀಕರು ಓದುವವರನ್ನು ತೆಗೆದುಹಾಕಿದರು. ಆ ಜಾಗಕ್ಕೆ ರೇಡಿಯೊ ಬಂತು. ಮಾಂಟೆಕ್ರಿಸ್ಟೊ ಎಂಬ ದುಬಾರಿ ಸಿಗಾರಿನ ಹೆಸರು ಹೀಗೆ ಕೇಳಿ ಮೆಚ್ಚಿದ ಕಾದಂಬರಿಯಿಂದಲೇ ಬಂದದ್ದು ಎನ್ನುತ್ತಾರೆ.

ಇದೇ ಪದ್ಧತಿ ನಮ್ಮ ಪಕ್ಕದ ಕಣ್ಣೂರಿನ ಬೀಡಿ ಶಾಲೆಗಳಲ್ಲೂ ಇತ್ತು. ಒಬ್ಬ ಮಲಯಾಳ ಪತ್ರಿಕೆ ಓದುತ್ತಾನೆ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಾರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ (ನೋಡಿ, ಕಾನೂನಿನಲ್ಲಿ ಎರಡೂ ಒಂದೇ ಚಾಪೆಯಲ್ಲಿ ಕೂತಿವೆ) ಕೇರಳದಲ್ಲಿ ಜಾರಿಗೆ ಬಂದಾಗ ಮಂಗಳೂರಿನ ದೊಡ್ಡ ಮಾಲೀಕರು ಅಲ್ಲಿನ ಶಾಲೆಗಳನ್ನು ಮುಚ್ಚಿದರು. ಕೆಲಸ ಕಳಕೊಂಡವರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿಕೊಂಡರು, ಓದು ಅಲ್ಲಿ ಮುಂದುವರಿಯಿತು. ಕೇರಳದ ಬೀಡಿಯ ಚರಿತ್ರೆ ಅಂದರೆ ಹೆಚ್ಚಾಗಿ ಇದೇ.

ನನ್ನ ತಕರಾರು ಇರುವುದು ಇಲ್ಲಿ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡ, ತುಳು ಮಾತಾಡುವ ಹೆಂಗಸರು ಕಟ್ಟಿದ್ದೂ ಬೀಡಿಯೇ. ಆದರೆ ಮನೆಯಲ್ಲಿ, ಒಬ್ಬೊಬ್ಬರೇ, ಗಡಿಯಾಚೆಯ ಮಂಗಳೂರಿನ ಕಂಪನಿಗಳಿಗೆ. ಶಾಲೆ ಇಲ್ಲದಲ್ಲಿ ಓದುವವನು ಎಲ್ಲಿಂದ ಬರಬೇಕು? ಮಲಯಾಳದ ಚರಿತ್ರೆಗೆ ಇವರು ಕಾಣಲಿಲ್ಲ, ಕರ್ನಾಟಕದ ಲೆಕ್ಕಕ್ಕೆ ಹೊರಗಿನವರು.

ಅಮ್ಮ ಸಂಜೆ ಬೀಡಿ ಕಟ್ಟುಗಳನ್ನು ಬ್ರಾಂಚಿಗೆ ತೆಗೆದುಕೊಂಡು ಹೋಗುವಾಗ ನಾನೂ ಜತೆಗೆ ಹೋದದ್ದುಂಟು. ಅಲ್ಲಿ ಕೂತವರು ಬೀಡಿಯನ್ನು ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತುತ್ತಿದ್ದರು. ಗಂಟಿದ್ದರೆ ಬದಿಗೆ, ಟೊಳ್ಳಿದ್ದರೆ ಬದಿಗೆ. ಬದಿಗೆ ಹಾಕಿದ್ದಕ್ಕೆ ಮಜೂರಿ ಇಲ್ಲ, ಎಲೆ ಕಡಿಮೆ ಬಂದರೆ ಅದರ ಹಣವೂ ಕಳೆಯುತ್ತದೆ. ಸಿಗಾರ್ ಕೊಳ್ಳುವವರ ವರ್ಣನೆ ಓದಿ ನನ್ನ ನಗು ನಿಂತದ್ದು ಆ ಬೆರಳು ನೆನಪಾಗಿ.

ಕಳೆದ ರಜೆಯಲ್ಲಿ ಅಮ್ಮನ ಹತ್ತಿರ ಕೇಳಿದೆ: "ನಿಮಗೆ ಯಾರಾದರೂ ಓದಿ ಹೇಳುತ್ತಿದ್ದರಾ?"

"ರೇಡಿಯೊ ಇತ್ತಲ್ಲ. ವಾರ್ತೆ ಬಂದರೆ ಲೆಕ್ಕ ತಪ್ಪುತ್ತದೆ ಅಂತ ಸಣ್ಣ ಮಾಡ್ತಿದ್ದೆ." ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, "ಮತ್ತೆ ನೀನು ಓದುತ್ತಿದ್ದೆಯಲ್ಲ."

ಕನ್ನಡ ಪಾಠವನ್ನು ಜಗಲಿಯಲ್ಲೇ ಕೂತು ಗಟ್ಟಿಯಾಗಿ ಓದು ಅಂತ ಅಮ್ಮ ದಿನಾ ಹೇಳುತ್ತಿದ್ದದ್ದು ನಿಜ. ನನ್ನ ಪರೀಕ್ಷೆಗೆ ಅಂತ ನಾನು ತಿಳಿದಿದ್ದೆ.

ಈ ಓದಿಗೆ ದಾಖಲೆ ಯಾವ ಸಂಘದ ಕಡತದಲ್ಲೂ ಸಿಗಲಿಕ್ಕಿಲ್ಲ. ಆ ಕಡೆಯವರು ಯಾರಾದರೂ ಈ ಗೋಷ್ಠಿಯಲ್ಲಿದ್ದರೆ, ನಿಮ್ಮ ಮನೆಯ ದೊಡ್ಡಮ್ಮ, ಅತ್ತೆಯಂದಿರ ಹತ್ತಿರ ಕೇಳಿ: ಬೀಡಿ ಕಟ್ಟುವಾಗ ಮಕ್ಕಳು ಏನು ಓದುತ್ತಿದ್ದರು, ಯಾವ ಪಾಠ ನೆನಪುಂಟು ಅಂತ. ನಾನು ಬರೆದುಕೊಳ್ಳುತ್ತೇನೆ.