ಡಿಎನ್‌ಎಯ ನಾಲ್ಕೆಳೆ ಗಂಟು

ಡಿಎನ್‌ಎ ಎಂದ ಕೂಡಲೆ ಶಾಲೆಯ ಪಠ್ಯದ ತಿರುಚಿದ ಏಣಿ ನೆನಪಾಗುತ್ತದೆ. ಎಲ್ಲ ಕಡೆಯೂ ಅದು ಏಣಿಯಾಗಿಯೇ ಇರುವುದಿಲ್ಲ. ಗ್ವಾನಿನ್ ಎಂಬ ಘಟಕ ಸಾಲುಸಾಲಾಗಿ ಬರುವಲ್ಲಿ ಒಂಟಿ ಎಳೆ ತನ್ನ ಮೇಲೆಯೇ ಮಡಚಿಕೊಳ್ಳಬಹುದು. ನಾಲ್ಕು ಗ್ವಾನಿನ್ ಸೇರಿ ಒಂದು ಚೌಕ, ಚೌಕದ ಮೇಲೆ ಚೌಕ, ನಡುವೆ ಪೊಟ್ಯಾಸಿಯಂ, ಗಂಟು ಗಟ್ಟಿ. ಇದರ ಹೆಸರು ಜಿ-ಕ್ವಾಡ್ರುಪ್ಲೆಕ್ಸ್.

ಗ್ವಾನಿನ್ ಹೀಗೆ ಚೌಕ ಕಟ್ಟುವುದು 1962ರಲ್ಲೇ ತಿಳಿದಿತ್ತು. ಮಾನವ ಕೋಶದೊಳಗೆ ಗಂಟುಗಳನ್ನು ಬಣ್ಣ ಹಚ್ಚಿ ತೋರಿಸಿದ್ದು 2013ರಲ್ಲಿ, ಕೇಂಬ್ರಿಜ್‌ನಲ್ಲಿ, ಚೆನ್ನೈಯಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಅವರ ತಂಡ.

ಗಂಟು ಬಿದ್ದರೆ ಜೀನ್ ಕೆಲಸ ನಿಲ್ಲುತ್ತದೆಯೇ? ಹಲವು ಕ್ಯಾನ್ಸರ್‌ಗಳಲ್ಲಿ ಮಿತಿಮೀರುವ ಸಿ-ಮಿಕ್ ಜೀನಿನ ಬುಡದಲ್ಲಿ ಇಂಥ ಗಂಟಿದ್ದು, ಅದನ್ನು ಬಿಗಿಗೊಳಿಸಿದರೆ ಜೀನ್ ತಗ್ಗುತ್ತದೆಂದು 2002ರಲ್ಲಿ ಅಮೆರಿಕದ ಸಂಶೋಧಕರು ಹೇಳಿದರು. ಔಷಧದ ಆಸೆ ಬಲವಾದದ್ದು ಆಗ. ಆದರೆ ಲೆಕ್ಕ ಅಷ್ಟು ಸಲೀಸಲ್ಲ. ಗಂಟಾಗಬಲ್ಲ ತಾಣಗಳು 7 ಲಕ್ಷಕ್ಕೂ ಹೆಚ್ಚು. 2016ರಲ್ಲಿ ಮಾನವ ಕೋಶಗಳಲ್ಲಿ ಸಿಕ್ಕಿದ್ದು ಸುಮಾರು 10,000 ಮಾತ್ರ. ಅವೂ ಬಹುಪಾಲು ಚುರುಕಾಗಿ ನಡೆಯುವ ಜೀನ್‌ಗಳ ಬಳಿಯೇ! ಗಂಟು ಬೀಗವೋ, ಬಾಗಿಲು ತೆರೆದಿದೆಯೆಂಬ ಗುರುತೋ ಎಂಬ ವಾದ ಇನ್ನೂ ನಡೆದಿದೆ.

ಗಂಟು ಶಾಶ್ವತವೂ ಅಲ್ಲ, ಹೆಲಿಕೇಸ್ ಎಂಬ ಪ್ರೋಟೀನುಗಳು ಬಿಚ್ಚುತ್ತಲೇ ಇರುತ್ತವೆ. ಎಷ್ಟು ಬಲಕ್ಕೆ ಅದು ಬಿಚ್ಚುತ್ತದೆಂದು ತಿಳಿಯಲು ಒಂದೊಂದೇ ಅಣುವನ್ನು ಲೇಸರ್ ಬೆಳಕಿನಿಂದ ಹಿಡಿದೆಳೆದು ಅಳೆಯುತ್ತಾರೆ.